ತಣ್ಣೀರು ಬೇಡುವ ಅತಿಥಿ

ರಜೆಯ ದಿನದ ಸಂಜೆ, ಬಣ್ಣದ ಮೀನುಗಳ ಅಂಗಡಿಗಳಿರುವ ಯಾವುದೇ ದೊಡ್ಡ ನಗರದ ಬೀದಿಯಲ್ಲಿ ನಡೆದುಹೋದರೆ, ಗೋಲ್ಡ್‌ಫಿಶ್, ಗಪ್ಪಿ, ಏಂಜೆಲ್‌ಗಳ ಚಂಚಲವಾದ ಮೆರವಣಿಗೆಯ ನಡುವೆ ಒಂದು ಗಾಜಿನ ತೊಟ್ಟಿಯ ಮುಂದೆ ಮಾತ್ರ ಮಕ್ಕಳ ಗುಂಪು ಕದಲದೆ ನಿಂತಿರುವುದನ್ನು ಕಾಣಬಹುದು. ಆ ತೊಟ್ಟಿಯಲ್ಲಿ ಈಜಾಡುವುದೇನೂ ಇರುವುದಿಲ್ಲ. ಗೇಣುದ್ದದ, ಗುಲಾಬಿ ಛಾಯೆಯ ಬಿಳಿಯ ಜೀವಿಯೊಂದು ತಳದಲ್ಲಿ ನಾಲ್ಕು ಕಾಲುಗಳನ್ನೂರಿ ನಿಶ್ಚಲವಾಗಿ ಕುಳಿತಿರುತ್ತದೆ. ಅದರ ಅಗಲವಾದ ತಲೆಯ ಎರಡು ಪಾರ್ಶ್ವಗಳಿಂದಲೂ ಮೂರು ಮೂರರಂತೆ ಹೊರಚಾಚಿದ ಕೆಂಪು ಕುಚ್ಚುಗಳು ಆಗಾಗ ಒಮ್ಮೆ ಹಿಂದಕ್ಕೆ ಬೀಸಿ ಮತ್ತೆ ಸ್ತಬ್ಧವಾಗುತ್ತವೆ. ರೆಪ್ಪೆಯಿಲ್ಲದ ಸಣ್ಣ ಕಣ್ಣುಗಳ ಕೆಳಗೆ, ಮೂತಿಯ ತುಂಬ ಹರಡಿದ ಬಾಯಿ ಸದಾ ಮುಗುಳ್ನಗುತ್ತಿರುವಂತೆ ತೋರುತ್ತದೆ. ಇದರ ಹೆಸರು ಮಕ್ಕಳಿಗೆ ಚೆನ್ನಾಗಿ ಗೊತ್ತು, ಹಿರಿಯರಿಗೆ ಗೊತ್ತಿಲ್ಲ. 2021ರಲ್ಲಿ ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದೊಳಗೆ ಪ್ರವೇಶ ಪಡೆದ ಮೇಲೆ ಆಕ್ಸೊಲಾಟಲ್ ಎಂಬ ಈ ಪ್ರಾಣಿ ಲೋಕದ ಮಕ್ಕಳಿಗೆಲ್ಲ ಪರಿಚಿತವಾಯಿತು. ಆಟದಲ್ಲಿ ಕಂಡದ್ದನ್ನು ಮನೆಗೆ ತರಬೇಕೆಂಬ ಹಟವೂ ಅದರ ಬೆನ್ನಿಗೇ ಬಂದಿತು.

“ಮೀನಿಗಿಂತ ಸುಲಭ ಸಾರ್, ವಾರಕ್ಕೆ ಎರಡು ಮೂರು ಸಲ ಊಟ ಹಾಕಿದರೆ ಸಾಕು” ಎಂದು ಅಂಗಡಿಯವನು ಹೇಳುವ ಮಾತು ಪೂರ್ತಿ ಸುಳ್ಳಲ್ಲ. ಆದರೆ ಈ ಪ್ರಾಣಿಯನ್ನು ಸಾಕುವುದೆಂದರೆ ಹಗಲಿರುಳೂ ಶೀತಲವಾಗಿ, ನಿರ್ಮಲವಾಗಿ ಇರತಕ್ಕ ಒಂದಿಷ್ಟು ನೀರನ್ನು ಹತ್ತು ಹದಿನೈದು ವರ್ಷಗಳ ಕಾಲ ಸಾಕುವುದೆಂದೇ ಅರ್ಥವೆಂಬುದನ್ನು ಅವನು ಹೇಳುವುದಿಲ್ಲ. ಬಹುಶಃ ಅವನಿಗೂ ಅದು ತಿಳಿದಿರಲಾರದು.

ಉಷ್ಣವಲಯದ ತಣ್ಣೀರು

ಆಕ್ಸೊಲಾಟಲ್ ಮೀನಲ್ಲ, ಹಲ್ಲಿಯೂ ಅಲ್ಲ. ಕಪ್ಪೆಯಂತೆ ಅದೂ ಉಭಯವಾಸಿ, ಸಾಲಮಾಂಡರ್ ಎಂಬ ಬಾಲವುಳ್ಳ ಉಭಯವಾಸಿಗಳ ಕುಲಕ್ಕೆ ಸೇರಿದುದು. ನಮ್ಮ ಪಶ್ಚಿಮ ಘಟ್ಟಗಳಲ್ಲಿ ಕಪ್ಪೆಗಳಿಗೆ ಲೆಕ್ಕವಿಲ್ಲದಿದ್ದರೂ ಈ ಕುಲದ ಒಂದು ಪ್ರಾಣಿಯೂ ಇಲ್ಲ. ಭಾರತದಲ್ಲಿ ಇದರ ಬಂಧುಗಳನ್ನು ನೋಡಬೇಕೆಂದರೆ ಡಾರ್ಜಿಲಿಂಗ್ ಮೊದಲಾದ ಕಡೆಯ ಬೆಟ್ಟದ ಕೊಳಗಳಿಗೇ ಹೋಗಬೇಕು. ಆಕ್ಸೊಲಾಟಲ್‌ನ ತವರಾದರೋ ಮೆಕ್ಸಿಕೋ ದೇಶದ ರಾಜಧಾನಿಯಿರುವ ಕಣಿವೆ; ಅದರಲ್ಲಿಯೂ ಶೋಚಿಮಿಲ್ಕೊ ಮತ್ತು ಚಾಲ್ಕೊ ಎಂಬ ಎರಡು ಸರೋವರಗಳು ಮಾತ್ರ. ಭೂಮಿಯ ಮೇಲೆ ಬೇರೆಲ್ಲಿಯೂ ಅದು ಸ್ವಾಭಾವಿಕವಾಗಿ ಜನಿಸಿದುದಲ್ಲ.

ಭೂಪಟದಲ್ಲಿ ಮೆಕ್ಸಿಕೋ ನಗರವನ್ನು ನೋಡಿದವರು ಅದು ಸುಮಾರು ನಮ್ಮ ಮುಂಬಯಿಯ ಅಕ್ಷಾಂಶದಲ್ಲಿಯೇ ಇರುವುದನ್ನು ಕಂಡು, ಅಲ್ಲಿಯ ಪ್ರಾಣಿ ನಮ್ಮ ಸೆಕೆಗೆ ಹೊಂದಿಕೊಳ್ಳಲಾರದೇಕೆ ಎಂದು ಕೇಳಬಹುದು. ಉತ್ತರವಿರುವುದು ಎತ್ತರದಲ್ಲಿ. ಆ ಕಣಿವೆ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಮೇಲಿದೆ. ಎಂದರೆ ಹೆಚ್ಚು ಕಡಮೆ ಉದಕಮಂಡಲದಷ್ಟೇ ಎತ್ತರ. ಬೆಟ್ಟದ ಬುಗ್ಗೆಗಳಿಂದ ಹರಿದುಬಂದ ತಂಪಾದ ನೀರಿನಲ್ಲಿ, ಜೊಂಡು ಕೆಸರುಗಳ ಮರೆಯಲ್ಲಿ, ಮಂದಪ್ರಕಾಶದಲ್ಲಿ ಯುಗಯುಗಾಂತರ ಬಾಳಿದ ಶರೀರವದು. ಆ ನೀರಿನ ಲಕ್ಷಣವನ್ನು ಬಿಟ್ಟರೆ ಅದರ ಜೀವನಕ್ಕೆ ಆಧಾರವೇ ಇಲ್ಲ.

ಈ ಕಣಿವೆಯ ಸರೋವರಗಳ ನಡುವೆಯೇ ಆಸ್ಟೆಕ್ ಜನರು ತಮ್ಮ ರಾಜಧಾನಿಯನ್ನು ಕಟ್ಟಿ, ಆಳವಿಲ್ಲದ ನೀರಿನಲ್ಲಿ ಕೆಸರು ಪೇರಿಸಿ ‘ಚಿನಾಂಪ’ಗಳೆಂಬ ನಡುಗಡ್ಡೆಯ ಗದ್ದೆಗಳನ್ನು ರಚಿಸಿಕೊಂಡು, ಕಾಲುವೆಗಳಲ್ಲಿ ಸಿಕ್ಕುತ್ತಿದ್ದ ಆಕ್ಸೊಲಾಟಲ್‌ಗಳನ್ನು ಹಿಡಿದು ಅಡಿಗೆ ಮಾಡಿ ಉಣ್ಣುತ್ತಿದ್ದರು. ಅವರ ಪುರಾಣದಲ್ಲಿಯೂ ಇದಕ್ಕೊಂದು ಸ್ಥಾನವುಂಟು. ಸೂರ್ಯನು ಚಲಿಸಬೇಕಾದರೆ ದೇವತೆಗಳೆಲ್ಲರೂ ಪ್ರಾಣವನ್ನು ಅರ್ಪಿಸಬೇಕೆಂದು ನಿಶ್ಚಯವಾದಾಗ, ಶೊಲೊಟ್ಲ್ ಎಂಬ ದೇವತೆಯೊಬ್ಬನು ಮಾತ್ರ ಸಾವಿಗಂಜಿ ಓಡಿದನಂತೆ. ಜೋಳದ ಹೊಲದಲ್ಲಿ ಜೋಡಿ ದಂಟಿನ ಜೋಳವಾಗಿ ನಿಂತು, ಅಲ್ಲಿ ಗುರುತು ಸಿಕ್ಕಲು ಕತ್ತಾಳೆಯಾಗಿ, ಅಲ್ಲಿಯೂ ಬಿಡದಿರಲು ನೀರಿಗೆ ಹಾರಿ ಆಕ್ಸೊಲಾಟಲ್ ಆಗಿ ಅಡಗಿದನಂತೆ. ಕೊನೆಗೆ ಅಲ್ಲಿಯೇ ಸಿಕ್ಕಿಬಿದ್ದು ಹತನಾದನೆಂದು ಕಥೆ ಮುಗಿಯುತ್ತದೆ.

ಪ್ಯಾರಿಸ್ಸಿನ ಆರು ಪ್ರಾಣಿಗಳು

ಇಂದು ಅಂಗಡಿಗಳಲ್ಲಿ ದೊರೆಯುವ ಆಕ್ಸೊಲಾಟಲ್ ಮೆಕ್ಸಿಕೋದಿಂದ ನೇರವಾಗಿ ಹಿಡಿದು ತಂದದ್ದಲ್ಲ. ಅದರ ವಂಶವೃಕ್ಷದ ಬೇರು ಫ್ರಾನ್ಸಿನಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಜರ್ಮನ್ ಪ್ರಕೃತಿವಿಜ್ಞಾನಿ ಹಂಬೋಲ್ಟ್ ತನ್ನ ಅಮೆರಿಕಾ ಪ್ರವಾಸದಿಂದ ಹಿಂದಿರುಗುವಾಗ ತಂದುಕೊಟ್ಟ ಮಾದರಿಗಳನ್ನು ಪರೀಕ್ಷಿಸಿದ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಕುವ್ಯೆ, ಇದು ಸ್ವತಂತ್ರವಾದ ಪ್ರಾಣಿಯಾಗಿರಲಾರದು, ಯಾವುದೋ ದೊಡ್ಡ ಸಾಲಮಾಂಡರ್‌ನ ಮರಿಯ ಅವಸ್ಥೆಯಾಗಿರಬೇಕು ಎಂದು ಶಂಕಿಸಿದ್ದನು. ಅನಂತರ 1864ರಲ್ಲಿ, ಫ್ರೆಂಚ್ ಸೈನ್ಯವು ಮೆಕ್ಸಿಕೋದಲ್ಲಿ ಬೀಡುಬಿಟ್ಟಿದ್ದ ಕಾಲದಲ್ಲಿ, ಮೂವತ್ತನಾಲ್ಕು ಸಜೀವ ಪ್ರಾಣಿಗಳು ಪ್ಯಾರಿಸ್ಸಿಗೆ ಬಂದವು. ಅವುಗಳಲ್ಲಿ ಆರು, ಅಲ್ಲಿಯ ಪ್ರಕೃತಿ ವಿಜ್ಞಾನ ಸಂಗ್ರಹಾಲಯದ ಪ್ರಾಧ್ಯಾಪಕ ಆಗಸ್ಟ್ ಡ್ಯುಮೆರಿಲ್‌ನ ಕೈಸೇರಿದವು.

ಮರುವರ್ಷ ಅವು ಮೊಟ್ಟೆಯಿಟ್ಟುವು. ಕಿವಿರುಗಳನ್ನೂ ಬಾಲದ ರೆಕ್ಕೆಯನ್ನೂ ಉಳಿಸಿಕೊಂಡೇ, ಎಂದರೆ ಗೊದಮೊಟ್ಟೆಯ ಸ್ಥಿತಿಯಲ್ಲಿದ್ದೇ, ತಾಯಿತಂದೆಗಳಾದವು. ಡ್ಯುಮೆರಿಲ್‌ನನ್ನು ಇನ್ನೂ ಬೆರಗುಗೊಳಿಸಿದುದು ಆ ಮೊಟ್ಟೆಗಳಿಂದ ಬಂದ ಕೆಲವು ಮರಿಗಳ ವರ್ತನೆ: ಅವು ಕಿವಿರುಗಳನ್ನು ಕಳೆದುಕೊಂಡು, ಮೈಮೇಲೆ ಹಳದಿ ಚುಕ್ಕೆಗಳನ್ನು ತಾಳಿ, ನೀರು ಬಿಟ್ಟು ನೆಲಕ್ಕೆ ಬಂದುವು. ಕುವ್ಯೆಯ ಶಂಕೆ ಅರ್ಧದಷ್ಟು ನಿಜವಾಯಿತು.

ಇದರ ಕಾರಣ ಹೊರಬಿದ್ದದ್ದು ಇಪ್ಪತ್ತನೆಯ ಶತಮಾನದಲ್ಲಿ. ಕಪ್ಪೆಯ ಮರಿಯನ್ನು ಕಪ್ಪೆಯಾಗಿಸುವುದು ಥೈರಾಯ್ಡ್ ಗ್ರಂಥಿಯ ರಸ. ಆಕ್ಸೊಲಾಟಲ್‌ನಲ್ಲಿ ಆ ಗ್ರಂಥಿಯಿದ್ದರೂ ಅದನ್ನು ತಕ್ಕಷ್ಟು ಪ್ರಚೋದಿಸುವ ಆಜ್ಞೆ ಮಿದುಳಿನ ಬುಡದಿಂದ ಬರುವುದಿಲ್ಲ. ಆದುದರಿಂದ ಅದು ಸುಮಾರು ಒಂದು ವರ್ಷದಲ್ಲಿ ಪ್ರಾಪ್ತವಯಸ್ಕವಾಗಿ, ಒಂದೊಂದು ಸಲಕ್ಕೆ ನೂರರಿಂದ ಸಾವಿರದವರೆಗೆ ಮೊಟ್ಟೆಯಿಟ್ಟರೂ, ರೂಪದಲ್ಲಿ ಯಾವಜ್ಜೀವವೂ ಮರಿಯಾಗಿಯೇ ಉಳಿದುಬಿಡುತ್ತದೆ. 1913ರ ಹೊತ್ತಿಗೆ ಥೈರಾಯ್ಡ್ ಗ್ರಂಥಿಯನ್ನು ತಿನ್ನಿಸಿ ಇದನ್ನು ನೆಲದ ಪ್ರಾಣಿಯನ್ನಾಗಿ ಪರಿವರ್ತಿಸಿದರು. 1920ರಲ್ಲಿ ಜೀವವಿಜ್ಞಾನಿ ಜೂಲಿಯನ್ ಹಕ್ಸ್ಲಿ ಅದೇ ಪ್ರಯೋಗವನ್ನು ಮಾಡಿದಾಗ ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಅದೊಂದು ದೊಡ್ಡ ಸುದ್ದಿಯೇ ಆಯಿತು. ಇದನ್ನೋದಿ ಅಯೋಡಿನ್ ಹಾಕಿ ನೋಡೋಣವೆಂದು ಹೊರಡುವ ಹವ್ಯಾಸಿಗಳು ಇಂದಿಗೂ ಇದ್ದಾರೆ. ಅದು ಪ್ರಾಣಿಯ ಆಯುಸ್ಸನ್ನು ಕಡಿಯುವ ಕೌತುಕ, ಮಾಡತಕ್ಕುದಲ್ಲ.

ಡ್ಯುಮೆರಿಲ್ ತನ್ನಲ್ಲಿ ಹುಟ್ಟಿದ ಮರಿಗಳನ್ನು ಯೂರೋಪಿನ ಪ್ರಯೋಗಶಾಲೆಗಳಿಗೆಲ್ಲ ಉದಾರವಾಗಿ ಹಂಚಿದನು. ಕತ್ತರಿಸಿದ ಕಾಲನ್ನು ಮೂಳೆ, ಸ್ನಾಯು, ನರಗಳ ಸಮೇತ ಮತ್ತೆ ಬೆಳೆಸಿಕೊಳ್ಳುವ, ಬಾಲವನ್ನೂ ಬೆನ್ನುಹುರಿಯನ್ನೂ ಹೃದಯದ ಅಂಶವನ್ನೂ ಸರಿಪಡಿಸಿಕೊಳ್ಳುವ ಇದರ ಸಾಮರ್ಥ್ಯಕ್ಕೆ ಮನಸೋತ ವಿಜ್ಞಾನಿಗಳು ಅಂದಿನಿಂದ ಇಂದಿನವರೆಗೂ ಇದನ್ನು ಬಿಟ್ಟಿಲ್ಲ. 2018ರಲ್ಲಿ ಪ್ರಕಟವಾದ ಇದರ ಜೀನೋಮು ಮನುಷ್ಯನದಕ್ಕಿಂತ ಸುಮಾರು ಹತ್ತು ಪಾಲು ದೊಡ್ಡದು. ಪ್ರಯೋಗಶಾಲೆಗಳಿಂದ ಹವ್ಯಾಸಿಗಳ ಮನೆಗೆ, ಅಲ್ಲಿಂದ ಅಂಗಡಿಗೆ ಬಂದ ಸಂತತಿಯೇ ಇಂದು ನಾವು ನೋಡುವುದು. ಅದರಲ್ಲಿ ಪೂರ್ತಿ ಶುದ್ಧ ರಕ್ತವೂ ಇಲ್ಲ: 1960ರ ದಶಕದಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಹಂಫ್ರಿ ಎಂಬ ವಿಜ್ಞಾನಿ, ಬಣ್ಣಗೇಡಿ ಟೈಗರ್ ಸಾಲಮಾಂಡರ್‌ನೊಡನೆ ಇದನ್ನು ಕೂಡಿಸಿದುದರ ಫಲವಾಗಿ, ಕೆಂಗಣ್ಣಿನ ಹೊಂಬಣ್ಣದ ತಳಿ ಹುಟ್ಟಿತು.

ಮೊದಲು ನೀರು, ಆಮೇಲೆ ಪ್ರಾಣಿ

ಪ್ರಾಣಿಯನ್ನೂ ತೊಟ್ಟಿಯನ್ನೂ ಒಂದೇ ದಿನ ಕೊಂಡು, ಒಂದೇ ಆಟೋದಲ್ಲಿ ಮನೆಗೆ ತರುವುದು ನಮ್ಮಲ್ಲಿ ರೂಢಿ. ಆಕ್ಸೊಲಾಟಲ್‌ಗಳ ಅಕಾಲಮರಣಕ್ಕೆ ಮೊದಲನೆಯ ಹೇತುವೇ ಈ ಅವಸರ. ಪ್ರಾಣಿಯ ಮಲದಿಂದಲೂ ಕಿವಿರುಗಳ ಮೂಲಕವೂ ನೀರಿಗೆ ಅಮೋನಿಯ ಸೇರುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿ ಪರಿವರ್ತಿಸುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಆಗಿ ಮಾಡಿದ ಬಳಿಕವೇ ನೀರು ಸಹ್ಯವಾಗುವುದು. ಹೆಪ್ಪು ಹಾಕಿದೊಡನೆ ಹಾಲು ಮೊಸರಾಗುವುದಿಲ್ಲವಷ್ಟೆ. ಹಾಗೆಯೇ ಈ ಸೂಕ್ಷ್ಮಜೀವಿಗಳು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಎಂಟು ವಾರಗಳಾದರೂ ಬೇಕು. ಅಷ್ಟು ದಿನ ಖಾಲಿ ತೊಟ್ಟಿಗೆ ಅಮೋನಿಯ ಕೊಟ್ಟು ನಡೆಸಿ, ಅಂಗಡಿಯಲ್ಲಿ ಸಿಕ್ಕುವ ಹನಿಗಳ ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯವೂ ನೈಟ್ರೈಟೂ ಸೊನ್ನೆ ತೋರಿದ ಮೇಲೆಯೇ ಪ್ರಾಣಿಯನ್ನು ತರತಕ್ಕುದು. ಮಗುವಿಗೆ ಎರಡು ತಿಂಗಳ ತಾಳ್ಮೆಯನ್ನು ಕಲಿಸುವುದು ಸುಲಭವಲ್ಲ. ಆದರೆ ಅಷ್ಟು ದಿನ ಕಳೆದ ಮೇಲೂ ಆಸೆ ಉಳಿದಿದ್ದರೆ ಅದು ಆಟದ ಹುಚ್ಚಲ್ಲವೆಂಬುದಾದರೂ ಖಚಿತವಾಗುತ್ತದೆ.

ಒಂದು ಬೆಳೆದ ಪ್ರಾಣಿಗೆ ಎಪ್ಪತ್ತೈದು ಲೀಟರಿಗಿಂತ ಕಡಮೆಯಾಗದ ತೊಟ್ಟಿ ಬೇಕು; ಎತ್ತರಕ್ಕಿಂತ ಉದ್ದಗಲಗಳು ಮುಖ್ಯ, ಏಕೆಂದರೆ ಅದು ತಳದಲ್ಲಿ ನಡೆಯುವ ಜೀವಿ. ಅಂದಕ್ಕೆಂದು ಬಣ್ಣದ ಕಲ್ಲುಹರಳುಗಳನ್ನು ಸುರಿಯಬಾರದು: ಆಹಾರದೊಡನೆ ಅವನ್ನೂ ಎಳೆದು ನುಂಗಿ, ಕರುಳು ಕಟ್ಟಿ ಸಾಯುವುದುಂಟು. ತಳವನ್ನು ಬರಿದೇ ಬಿಡುವುದು, ಅಥವಾ ಬೆಳೆದ ಪ್ರಾಣಿಗೆ ಅತಿ ನುಣುಪಾದ ಮರಳನ್ನು ಹಾಸುವುದು ಕ್ಷೇಮ. ರೆಪ್ಪೆಯಿಲ್ಲದ ಕಣ್ಣಿಗೆ ಬೆಳಕು ಹಿಂಸೆ. ಆದುದರಿಂದ ಅಡಗಲು ಒಂದು ಕೊಳವೆಯನ್ನೋ ಬಾಯಿಯೊಡೆದ ಮಡಕೆಯನ್ನೋ ಅಂಚು ಉಜ್ಜಿ ಇಡಬೇಕು. ಫಿಲ್ಟರಿನ ನೀರು ರಭಸವಾಗಿ ಬೀಳಬಾರದು. ಕಿವಿರುಗಳು ಸದಾ ಮುಂದಕ್ಕೆ ಬಾಗಿ, ಬಾಲದ ತುದಿ ಸುರುಳಿ ಸುತ್ತಿಕೊಂಡಿದ್ದರೆ ಪ್ರಾಣಿಗೆ ಏನೋ ಸಂಕಟವಿದೆಯೆಂದೇ ತಿಳಿಯಬೇಕು.

ನಲ್ಲಿಯ ನೀರಿನ ಕ್ಲೋರಿನ್ ಇದರ ತೆಳುಚರ್ಮಕ್ಕೆ ಘಾತಕವಾದುದರಿಂದ, ಅದನ್ನು ನಿವಾರಿಸುವ ದ್ರಾವಣವನ್ನು ಬೆರೆಸದೆ ಒಂದು ಬಕೆಟ್ಟನ್ನೂ ತೊಟ್ಟಿಗೆ ಸುರಿಯಲಾಗದು. ತುಸು ಗಡುಸು ನೀರನ್ನು ಇದು ಇಷ್ಟಪಡುತ್ತದೆ. ಗಡುಸು ಬೋರ್‌ವೆಲ್ ನೀರಿನಿಂದ ಬೇಸತ್ತ ಬೆಂಗಳೂರಿನ ಬಡಾವಣೆಗಳವರಿಗೆ ಇದೊಂದೇ ಅನುಕೂಲವೆನ್ನಬಹುದೋ ಏನೋ.

ಬೇಸಗೆಯ ಲೆಕ್ಕ

ಇನ್ನು ಉಷ್ಣತೆ. ಆಕ್ಸೊಲಾಟಲ್‌ಗೆ ಹಿತವಾದುದು 16ರಿಂದ 18 ಡಿಗ್ರಿ ಸೆಲ್ಸಿಯಸ್. ಇಪ್ಪತ್ತನ್ನು ಅದು ಸಹಿಸಬಲ್ಲದು. 24ನ್ನು ದಾಟಿದ ನೀರು ದಿನಗಟ್ಟಲೆ ನಿಂತರೆ ಅದರ ದೇಹ ಸೋಲತೊಡಗುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಮೆಯಾಗುತ್ತದೆ. ಅದೇ ವೇಳೆ ಪ್ರಾಣಿಯ ಒಳಗಿನ ವ್ಯಾಪಾರಗಳು ಚುರುಕಾಗಿ ಆಮ್ಲಜನಕದ ಬೇಡಿಕೆ ಏರುತ್ತದೆ. ಮೊದಲು ಊಟ ಬಿಡುತ್ತದೆ; ಮೇಲಕ್ಕೆ ಬಂದು ಬಂದು ಗಾಳಿ ನುಂಗುತ್ತದೆ; ಬಳಿಕ ಕಿವಿರಿನ ಕುಚ್ಚುಗಳ ಮೇಲೆ ಅರಳೆಯಂತೆ ಬಿಳಿಯ ಬೂಷ್ಟು ಕಾಣಿಸಿಕೊಳ್ಳುತ್ತದೆ.

ನಮ್ಮ ನಾಡಿನ ಕೋಣೆಗಳ ವಿಷಯವನ್ನು ಇದಕ್ಕೆ ಹೋಲಿಸಿ ನೋಡಿ. ಸುಖವಾದ ಹವೆಗೆ ಹೆಸರಾದ ಬೆಂಗಳೂರಿನಲ್ಲಿಯೇ ಏಪ್ರಿಲ್ ಮಧ್ಯಾಹ್ನ 34 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಕಲಬುರಗಿ, ರಾಯಚೂರುಗಳಲ್ಲಿ ನಲವತ್ತು. ಜನವರಿಯ ಇರುಳಿನಲ್ಲಿ ಬೆಂಗಳೂರಿನ ಮನೆಯ ನೀರು ತಾನಾಗಿಯೇ ಆಕ್ಸೊಲಾಟಲ್‌ಗೆ ಒಗ್ಗುವಷ್ಟು ತಣ್ಣಗಾಗಬಹುದು. ಆ ತಿಂಗಳಲ್ಲಿ ಕೊಂಡವನು, ಪ್ರಾಣಿ ಚೆನ್ನಾಗಿದೆ, ಯಾವ ಯಂತ್ರವೂ ಬೇಡ ಎಂದು ಸಮಾಧಾನ ತಾಳುವುದೂ ಇದರಿಂದಲೇ. ಶಿವರಾತ್ರಿ ಕಳೆದೊಡನೆ ಆ ಸಮಾಧಾನ ಹಾರಿಹೋಗುತ್ತದೆ.

ತೊಟ್ಟಿಯ ಮೇಲೆ ಬೀಸುವ ಸಣ್ಣ ಫ್ಯಾನುಗಳು ನೀರನ್ನು ಆವಿಯಾಗಿಸಿ ಎರಡು ಮೂರು ಡಿಗ್ರಿ ಇಳಿಸಬಲ್ಲುವು. ಅದಕ್ಕಿಂತ ಹೆಚ್ಚಿನದನ್ನು ಅವುಗಳಿಂದ ನಿರೀಕ್ಷಿಸಲಾಗದು. ನೀರನ್ನು ಹೆಪ್ಪುಗಟ್ಟಿಸಿದ ಬಾಟಲಿಗಳನ್ನು ತೇಲಿಬಿಡುವುದು ಇನ್ನೊಂದು ಉಪಾಯ. ಆದರೆ ಬೆಳಗ್ಗೆ ಹದಿನೆಂಟು, ಸಂಜೆ ಇಪ್ಪತ್ತೇಳು ಎಂಬ ಏರಿಳಿತವೇ ಪ್ರಾಣಿಗೆ ಬಾಧೆ, ಮೇಲಾಗಿ ಮನೆಯವರು ಎರಡು ದಿನ ಮದುವೆಗೆ ಹೋದರೆ ಬಾಟಲಿ ಬದಲಿಸುವವರು ಯಾರು? ನಿಜವಾದ ಪರಿಹಾರ ಚಿಲ್ಲರ್ ಎಂಬ ಶೀತಕ ಯಂತ್ರ. ಅದರ ಬೆಲೆ ಪ್ರಾಣಿಯ ಬೆಲೆಗಿಂತ ಹಲವು ಪಾಲು ಹೆಚ್ಚು. ಬೇಸಗೆಯುದ್ದಕ್ಕೂ ಅದು ವಿದ್ಯುತ್ತನ್ನು ಬೇಡುತ್ತದೆ. ವಿದ್ಯುತ್ತು ನಿಂತಾಗ ಅದೂ ನಿಲ್ಲುತ್ತದೆ. ಹೀಗಾಗಿ ಅಂಗಡಿಯಲ್ಲಿ ಪ್ರಾಣಿಯ ದರವನ್ನು ಚೌಕಾಸಿ ಮಾಡುವುದು ವ್ಯರ್ಥವಾದ ಶ್ರಮ. ಚಿಲ್ಲರ್‌ನ ದರವನ್ನು ಮೊದಲು ಕೇಳುವವನೇ ಜಾಣನಾದ ಗಿರಾಕಿ.

ಊಟದ ಕ್ರಮ

ಇದು ತಿನ್ನುವುದನ್ನು ಒಮ್ಮೆ ಸಮೀಪದಿಂದ ನೋಡಬೇಕು. ಎರೆಹುಳುವೊಂದನ್ನು ಇಕ್ಕಳದಲ್ಲಿ ಹಿಡಿದು ಮೂತಿಯ ಮುಂದೆ ಆಡಿಸಿದರೆ, ಕಣ್ಣಿನ ದೃಷ್ಟಿ ಮಂದವಾದುದರಿಂದ ಮೊದಲು ಏನೂ ತಿಳಿಯದಂತೆಯೇ ಇರುತ್ತದೆ. ಬಳಿಕ ತಲೆ ಒಂದು ಬೆರಳಿನಷ್ಟು ಮುಂದಕ್ಕೆ ಸರಿಯುತ್ತದೆ. ಆಮೇಲೆ ಯಾವ ಮುನ್ಸೂಚನೆಯೂ ಇಲ್ಲದೆ ಬಾಯಿ ಫಕ್ಕನೆ ತೆರೆದು, ಸುತ್ತಣ ನೀರೆಲ್ಲ ಒಳಕ್ಕೆ ಸೆಳೆದುಹೋಗಿ, ಹುಳುವಿನ ಅರ್ಧ ಮಾತ್ರ ತುಟಿಯ ಹೊರಗೆ ಮೀಸೆಯಂತೆ ಒದ್ದಾಡುತ್ತಿರುತ್ತದೆ. ಅಗಿಯುವ ಹಲ್ಲಿಲ್ಲ, ತಲೆಯನ್ನು ಎರಡು ಮೂರು ಸಲ ಕೊಡವಿ ಇಡಿಯಾಗಿ ನುಂಗಿಬಿಡುತ್ತದೆ.

ಎರೆಹುಳುವೇ ಇದಕ್ಕೆ ಶ್ರೇಷ್ಠವಾದ ಆಹಾರ. ಬೆಳೆದ ಪ್ರಾಣಿಗೆ ಎರಡು ಮೂರು ದಿನಕ್ಕೊಮ್ಮೆ ಕೊಟ್ಟರೆ ಸಾಕು. ನಮ್ಮ ರೈತರು ಎರೆಗೊಬ್ಬರದ ತೊಟ್ಟಿಗಳಲ್ಲಿ ಬೆಳೆಸುವ ಯುಡ್ರಿಲಸ್ ಜಾತಿಯ ಹುಳು ಇದಕ್ಕೆ ಒಪ್ಪುತ್ತದೆ. ಅದೇ ತೊಟ್ಟಿಗಳ ಕೆಂಪು ಐಸೀನಿಯ ಹುಳುವನ್ನು ಮಾತ್ರ, ಅದು ಸ್ರವಿಸುವ ಕೆಟ್ಟ ರುಚಿಯ ದ್ರವದ ದೆಸೆಯಿಂದ, ಅನೇಕ ಪ್ರಾಣಿಗಳು ಉಗುಳಿಬಿಡುತ್ತವೆ. ಕೀಟನಾಶಕ ಬಿದ್ದ ತೋಟದ ಹುಳು ಕೂಡದು. ಜೀವಂತ ಮೀನುಗಳನ್ನು ಜೊತೆಯಲ್ಲಿ ಬಿಡುವುದೂ ಕೂಡದು: ಸಣ್ಣವು ಇದರ ಹೊಟ್ಟೆ ಸೇರುತ್ತವೆ, ಉಳಿದವು ಇದರ ಕಿವಿರುಗಳನ್ನೇ ಹುಳುಗಳೆಂದು ಭ್ರಮಿಸಿ ಕಚ್ಚುತ್ತವೆ. ಸ್ವಜಾತಿಯ ಮರಿಗಳನ್ನು ಒತ್ತಾಗಿ ಇಟ್ಟರೆ ಒಂದರ ಕಾಲು ಇನ್ನೊಂದರ ಊಟವಾಗುತ್ತದೆ; ಕಾಲು ಮತ್ತೆ ಬೆಳೆಯುವುದೆಂಬುದು ಅದಕ್ಕೆ ಸಮಜಾಯಿಷಿಯಾಗದು. ಅಂಗಡಿಯಲ್ಲಿ ಆರಿಸುವಾಗ ಕಾಲುಬೆರಳು ಪೂರ್ತಿಯಿರುವ, ಕಿವಿರು ಸೊಂಪಾಗಿರುವ, ನಮ್ಮ ಕಣ್ಣೆದುರಿಗೇ ಊಟ ಮಾಡುವ, ಮೂರು ಅಂಗುಲಕ್ಕಿಂತ ಚಿಕ್ಕದಲ್ಲದ ಮರಿಯನ್ನು ಕೇಳಬೇಕು. ಮನೆಗೆ ತಂದ ಮೇಲೆ ಕೈಯಲ್ಲಿ ಹಿಡಿದು ಮುದ್ದಿಸುವಂತಿಲ್ಲ. ನಮ್ಮ ಅಂಗೈಯ ಕಾವೂ ಬೆವರಿನ ಉಪ್ಪೂ ಅದರ ಚರ್ಮಕ್ಕೆ ಸೋಂಕಬಾರದು.

ಕಾನೂನಿನ ಮಾತು

ಆಕ್ಸೊಲಾಟಲ್, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟಿಸ್’ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಸೇರಿದೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿ ಆ ಅನುಬಂಧಗಳನ್ನು ನಾಲ್ಕನೆಯ ಅನುಸೂಚಿಯಾಗಿ ಸ್ವೀಕರಿಸಿರುವುದರಿಂದ, ಅಂಥ ಸಜೀವ ಪ್ರಾಣಿಗಳನ್ನು ಇಟ್ಟುಕೊಂಡವರು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕೆಂಬ ನಿಯಮಗಳು 2024ರಲ್ಲಿ ಹೊರಟಿವೆ. ಕೊಳ್ಳುವಾಗ ಕಾಗದಪತ್ರ ಕೇಳಿದರೆ “ಅದೆಲ್ಲ ಬೇಡ ಸಾರ್” ಎನ್ನುವ ಅಂಗಡಿಯಿಂದ ಬರಿಗೈಯಲ್ಲಿ ಹಿಂದಿರುಗುವುದೇ ಲೇಸು. ಹೊರದೇಶದಲ್ಲಿ ನೆಲಸಿರುವ ನಮ್ಮವರಿಗೂ ಒಂದು ಮಾತು: ಅಮೆರಿಕದಲ್ಲಿ ಕ್ಯಾಲಿಫೋರ್ನಿಯ ರಾಜ್ಯವು, ಇದು ತಪ್ಪಿಸಿಕೊಂಡು ಅಲ್ಲಿಯ ಸಾಲಮಾಂಡರ್‌ಗಳಿಗೆ ಹಾನಿ ಮಾಡೀತೆಂಬ ಭೀತಿಯಿಂದ, ಇದನ್ನು ಸಾಕುವುದನ್ನೇ ನಿಷೇಧಿಸಿದೆ.

ತವರಿನಲ್ಲಿ ಉಳಿದದ್ದು

ಲೋಕದ ಗಾಜಿನ ತೊಟ್ಟಿಗಳಲ್ಲಿ ಲಕ್ಷಗಟ್ಟಲೆ ಬೆಳೆಯುತ್ತಿರುವ ಈ ಪ್ರಾಣಿ ಹುಟ್ಟಿದೂರಿನಲ್ಲಿ ಬಹುಮಟ್ಟಿಗೆ ಇಲ್ಲವಾಗಿದೆ. ಸ್ಪ್ಯಾನಿಷರು ನೆರೆಯ ಭಯದಿಂದ ಕಣಿವೆಯ ನೀರನ್ನು ಹೊರಹರಿಸತೊಡಗಿದರು. ಚಾಲ್ಕೊ ಸರೋವರ ಕಾಲಕ್ರಮದಲ್ಲಿ ಬತ್ತಿತು. ಶೋಚಿಮಿಲ್ಕೊ ಕಾಲುವೆಗಳ ಜಾಲವಾಗಿ ಕುಗ್ಗಿತು. ಅದರ ಬುಗ್ಗೆಗಳ ನೀರನ್ನು ನಗರ ಕುಡಿದು, ಬದಲಿಗೆ ಸಂಸ್ಕರಿಸಿದ ಕೊಳಚೆನೀರನ್ನು ಕಳುಹಿಸಿತು. ಇದರ ಮೇಲೆ, ಜನರಿಗೆ ಆಹಾರವಾಗಲೆಂದು ತಂದು ಬಿಟ್ಟ ಕಾರ್ಪ್, ತಿಲಾಪಿಯ ಮೀನುಗಳು ಮೊಟ್ಟೆಮರಿಗಳನ್ನೆಲ್ಲ ತಿಂದುಹಾಕಿದುವು. ನಮ್ಮ ಕೆರೆಗಳಲ್ಲಿಯೂ ಆಫ್ರಿಕದ ತಿಲಾಪಿಯ ಸೇರಿಕೊಂಡು ದೇಶೀ ಮೀನುಗಳನ್ನು ಮೂಲೆಗೊತ್ತಿರುವುದನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. 1998ರಲ್ಲಿ ಶೋಚಿಮಿಲ್ಕೊದ ಒಂದು ಚದರ ಕಿಲೋಮೀಟರಿಗೆ ಸುಮಾರು 6,000 ಎಂದು ಅಂದಾಜಾಗಿದ್ದ ಸಂಖ್ಯೆ 2008ರಲ್ಲಿ 100ಕ್ಕೂ, 2014ರಲ್ಲಿ 36ಕ್ಕೂ ಇಳಿಯಿತು. 2021ರಲ್ಲಿ ಮೆಕ್ಸಿಕೋ ತನ್ನ ಐವತ್ತು ಪೆಸೊ ನೋಟಿನ ಮೇಲೆ ಆಕ್ಸೊಲಾಟಲ್‌ನ ಚಿತ್ರವನ್ನು ಅಚ್ಚು ಹಾಕಿತು. ಜನರು ಆ ನೋಟನ್ನು ಖರ್ಚು ಮಾಡದೆ ಕೂಡಿಟ್ಟರು.

ಮನೆಗಳಲ್ಲಿ ಸಾಕುವುದರಿಂದ ಜಾತಿ ಉಳಿದಂತಾಯಿತಲ್ಲವೆ ಎಂಬ ವಾದ ಕೇಳಿಬರುತ್ತದೆ. ಅದು ತನ್ನನ್ನು ತಾನೇ ಸಂತೈಸಿಕೊಳ್ಳುವ ಮಾತು. ಕೆಲವೇ ಪೂರ್ವಿಕರಿಂದ ಬಂದು, ಅನ್ಯ ಜಾತಿಯ ಅಂಶವನ್ನೂ ಬೆರೆಸಿಕೊಂಡ ಅಂಗಡಿಯ ಸಂತತಿಯನ್ನು ಶೋಚಿಮಿಲ್ಕೊಗೆ ಬಿಡಲು ಯಾವ ಜೀವವಿಜ್ಞಾನಿಯೂ ಒಪ್ಪನು. ಅಲ್ಲಿಯ ರಾಷ್ಟ್ರೀಯ ವಿಶ್ವವಿದ್ಯಾಲಯದ ಲೂಯಿಸ್ ಸಾಂಬ್ರಾನೊ ಮತ್ತು ಅವರ ಸಂಗಡಿಗರು ಹಿಡಿದಿರುವುದು ಬೇರೆ ದಾರಿ: ಚಿನಾಂಪ ಬೇಸಾಯಗಾರರೊಡನೆ ಕೂಡಿ, ಗದ್ದೆಯ ಪಕ್ಕದ ಕಾಲುವೆಗಳಿಗೆ ಮೀನು ನುಗ್ಗದಂತೆ ತಡೆ ಕಟ್ಟಿ, ನೀರನ್ನು ಶುಚಿಗೊಳಿಸಿ, ಆಕ್ಸೊಲಾಟಲ್‌ಗೆ ಆಶ್ರಯಗಳನ್ನು ನಿರ್ಮಿಸುವುದು. ಈ ಕಾರ್ಯಕ್ಕೆ ನೆರವಾಗಲೆಂದು 2023ರಲ್ಲಿ ಆ ವಿಶ್ವವಿದ್ಯಾಲಯ ಮತ್ತೆ ಆರಂಭಿಸಿದ ಯೋಜನೆಯಲ್ಲಿ 600 ಪೆಸೊ ಕೊಟ್ಟವರು ಒಂದು ಪ್ರಾಣಿಯನ್ನು ಹೆಸರಿಗೆ ದತ್ತು ಪಡೆಯಬಹುದು.

ಬೇಸಗೆಯಲ್ಲಿ ತೊಟ್ಟಿಯ ನೀರನ್ನು ಹದಿನೆಂಟು ಡಿಗ್ರಿಯಲ್ಲಿ ನಿಲ್ಲಿಸುವ ಸೌಕರ್ಯವಿಲ್ಲದ ಮನೆಯವರು ಆಕ್ಸೊಲಾಟಲ್ ಕೊಳ್ಳಬಾರದೆಂದೇ ನನ್ನ ಅಭಿಪ್ರಾಯ. ಈಗಾಗಲೇ ಕೊಂಡು ಕೈಸೋತವರು ಅದನ್ನು ಹತ್ತಿರದ ಕೆರೆಗೋ ಕೊಡಗಿನ ತೊರೆಗೋ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದು ಭಾವಿಸದಿರಲಿ: ಬಯಲಿನ ಕೆರೆಯಲ್ಲಿ ಅದು ಸಾಯುತ್ತದೆ, ಮಲೆನಾಡಿನ ತಣ್ಣನೆಯ ನೀರಿನಲ್ಲಿ ಒಂದು ವೇಳೆ ಬದುಕಿದರೆ ನಮ್ಮ ಕಪ್ಪೆಗಳ ಮರಿಗಳನ್ನು ತಿನ್ನುತ್ತದೆ, ಇಲ್ಲವೇ ಅವುಗಳಿಗೆ ಹೊರನಾಡಿನ ರೋಗವನ್ನು ಅಂಟಿಸುತ್ತದೆ. ಚಿಲ್ಲರ್ ಇಟ್ಟುಕೊಂಡಿರುವ ಇನ್ನೊಬ್ಬ ಸಾಕಣೆಗಾರರನ್ನು ವಿಚಾರಿಸಿ, ನೋಂದಣಿಯ ಕಾಗದದ ಸಮೇತ ಅವರಿಗೆ ಒಪ್ಪಿಸಿಬಿಡಿ.